ಲುದೊಮಿರನ ದನಿಯ ವೀರನಾರಿಯರು

ತೆಕ್ಲಾಳನ್ನು ನೋಡಬೇಕೆಂದರೆ ಟೀವಿ ಕಚೇರಿಯ ರೆಕಾರ್ಡಿಂಗ್ ಕೋಣೆಯ ಗಾಜಿನಾಚೆ ನೋಡಬೇಕು: ಒಂದು ಕೈಯಲ್ಲಿ ಆರಿದ ಚಹಾ, ಇನ್ನೊಂದರಲ್ಲಿ ಹಾಲಿವುಡ್ ನಾಯಕಿಯರಿಗಾಗಿ ತಾನೇ ಪೋಲಿಷ್‌ನಲ್ಲಿ ಬರೆದ ಮಾತುಗಳು. ಬಾಗಿಲು ಒದ್ದು ನುಗ್ಗುವವಳಿರಲಿ, ಹತ್ತು ಜನರನ್ನು ಒಬ್ಬಳೇ ಕೆಡವುವವಳಿರಲಿ, ಬೆಂಕಿಯಂಥ ಮಾತನ್ನೇ ಹುಡುಕಿ ಬರೆಯುತ್ತಾಳೆ. ಆದರೆ ವಾರ್ಸಾದ ಟೀವಿಯಲ್ಲಿ ಹೊರಗಿನ ಸಿನಿಮಾ ಬಂದರೆ ಗಂಡು, ಹೆಣ್ಣು, ಕೂಸು ಎಲ್ಲರ ಮಾತನ್ನೂ, ಹಿಂದೆ ಮೂಲ ದನಿಗಳು ಕೇಳಿಸುತ್ತಿರುವಾಗಲೇ, ಒಬ್ಬನೇ ಗಂಡಸು ಓದುವುದು; ಆ ಬೆಂಕಿಯೆಲ್ಲ ಇಲ್ಲಿ ಓದುವ ಲುದೊಮಿರನ ಗಂಟಲಿನಿಂದ ರೈಲಿನ ವೇಳಾಪಟ್ಟಿಯಾಗಿ ಹೊರಬರುತ್ತದೆ. "ಸ್ವಲ್ಪ ರೋಷ ಇರ್ಲಿ, ಲುದೊಮಿರ್ ಅವ್ರೇ! ಅವಳು ಗಂಡನ್ನ ಬಿಟ್ಟು ಹೋಗ್ತಿದಾಳೆ!" ಎಂದು ತೆಕ್ಲಾ ಗೋಗರೆದರೆ, "ಹೋಗ್ಲಿ ಬಿಡಮ್ಮ, ನಾನೇನು ತಡೆದ್ನಾ? ಅವಳೇ ಕಿರುಚ್ತಿದಾಳಲ್ಲ, ನಾನ್ಯಾಕೆ ಕಿರುಚ್ಲಿ?" ಎಂದು ಅವನು ಉಪ್ಪುನೀರಲ್ಲಿ ನೆನೆಸಿದ ಸೌತೆಕಾಯಿ ಕಚ್ಚುತ್ತಾನೆ. ಹೆಣ್ಣಿನ ಮಾತಿಗೆ ಹೆಣ್ಣಿನ ದನಿ ಬೇಕೆಂದು ತೆಕ್ಲಾ ವರ್ಷವರ್ಷವೂ ಅರ್ಜಿ ಕೊಡುತ್ತಾಳೆ. ಜನಕ್ಕೆ ಇದೇ ಅಭ್ಯಾಸವಾಗಿದೆ ಎಂದು ಮೇಲಿನವರು ವರ್ಷವರ್ಷವೂ ಅದೇ ಉತ್ತರ ಕೊಡುತ್ತಾರೆ. ಎಂಥ ಜನ ಎಂದು ಅವಳು ಸಿಕ್ಕಸಿಕ್ಕವರ ಮುಂದೆ ರೇಗುತ್ತಾಳೆ. ಕಳೆದ ಭಾನುವಾರ ಮನೆಯಲ್ಲಿ ಉಪ್ಪು ಕಡಿಮೆಯೆಂದು ಅವಳ ಗಂಡ ಬೀಟ್‌ರೂಟ್ ಸಾರಿನ ಬಟ್ಟಲನ್ನು ಗೋಡೆಗೆಸೆದ. ಅವಳು ಎದ್ದು ನಿಂತಳು. "ಸಾಕು, ನಾನು ಹೊರಟೆ" ಎಂಬ ಮಾತು, ಎಷ್ಟೋ ಹೆಂಗಸರಿಗೆ ಬರೆದುಕೊಟ್ಟ ಮಾತು, ನಾಲಿಗೆಯ ತುದಿಗೇ ಬಂತು. ಆದರೆ ತಲೆಯೊಳಗೆ ಅದು ಕೇಳಿಸಿದ್ದು ಲುದೊಮಿರನ ದನಿಯಲ್ಲಿ, ಏರಿಳಿತವೇ ಇಲ್ಲದೆ. ಎಷ್ಟು ತಡಕಿದರೂ ತನ್ನ ದನಿ ಸಿಗಲಿಲ್ಲ. ತೆಕ್ಲಾ ಬಗ್ಗಿ ಬಟ್ಟಲಿನ ಚೂರುಗಳನ್ನು ಆಯತೊಡಗಿದಳು.