ಮೋಟಾರ್ ಸೈಕಲ್ಲಿಗೆ ಎಣ್ಣೆ ಸ್ನಾನ

ಆಗೆಲ್ಲ ನಮ್ಮ ಕಡೆ ಮೋಟಾರ್ ಸೈಕಲ್ ಇಟ್ಟುಕೊಂಡವನಿಗೆ ಅದನ್ನು ಓಡಿಸಲು ಬರುವುದಕ್ಕಿಂತ ಬಿಚ್ಚಿ ಜೋಡಿಸಲು ಬರುವುದೇ ಮುಖ್ಯವಾಗಿತ್ತು. ಗಾಡಿ ಕೆಟ್ಟರೆ ಪುತ್ತೂರಿಗೆ ಒಯ್ಯಬೇಕು, ಪುತ್ತೂರಿಗೆ ಒಯ್ಯಬೇಕಾದರೆ ಗಾಡಿ ಸರಿ ಇರಬೇಕು. ಹೀಗಾಗಿ ಅರುವತ್ತರ ದಶಕದ ಸುರುವಿನಲ್ಲಿ, ಸುಳ್ಯದ ಹತ್ತಿರದ ನಮ್ಮ ಮನೆಯಲ್ಲಿ ಗಾಡಿ ರಿಪೇರಿ ಎಂಬುದು ಹಪ್ಪಳ ಮಾಡಿದ ಹಾಗೆ ಮನೆಮಂದಿಯೆಲ್ಲ ಕೂತು ಮಾಡುವ ಕೆಲಸವಾಗಿತ್ತು. ಅಂಗಳದಲ್ಲಿ ಹಾಸಿದ ಗೋಣಿ, ಅದರ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿಟ್ಟ ನಟ್ಟು ಬೋಲ್ಟುಗಳು, ಅವುಗಳ ಹತ್ತಿರ ಸುಳಿದ ಮಕ್ಕಳಿಗೆ ಬೀಳುವ ಗದರಿಕೆ. ಅಂಥ ಗಾಡಿ ಇದ್ದ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪ ಸಂಪಾಜೆಯಿಂದ ಮೇಲೆ ಘಟ್ಟದ ಒಂದು ಎಸ್ಟೇಟಿನಲ್ಲಿ ಲೆಕ್ಕಪತ್ರ ನೋಡುವ ರೈಟರ್ ಆಗಿದ್ದರು. ಗಾಡಿ ಬರುವ ಮೊದಲು ಅವರು ಅಲ್ಲೇ ಉಳಿದು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಬಂದವರು ನೆಂಟರ ಹಾಗೆ ಮಣೆಯ ಮೇಲೆ ಕೂತು ಉಂಡು, ನನ್ನ ತಲೆ ಸವರಿ, ಮರುದಿನ ಹೊರಟುಬಿಡುತ್ತಿದ್ದರು. ಮಿಲಿಟರಿಯವರು ಓಡಿಸಿ ಬಿಟ್ಟ ಹಳೇ ಮೋಟಾರ್ ಸೈಕಲ್ ಒಂದು ಕೈಗೆ ಬಂದ ಮೇಲೆ ದಿನಾ ಸಂಜೆ ಮನೆಗೆ ಬರತೊಡಗಿದರು. ಆ ಗಾಡಿಯೆಂದರೆ ನನಗೆ ಇಷ್ಟೇ: ರಾತ್ರಿ ಊಟಕ್ಕೆ ಅಪ್ಪ ಪಕ್ಕದಲ್ಲಿರುತ್ತಾರೆ.

ಅಜ್ಜಿಗೆ ಮಾತ್ರ ಅದನ್ನು ಕಂಡರಾಗದು. ಅಜ್ಜಿ ಅಂದರೆ ಅಪ್ಪನ ತಾಯಿ. ಅವರ ತಮ್ಮ ಘಟ್ಟದ ರಸ್ತೆಯಲ್ಲೇ ಲಾರಿ ಮಗುಚಿ ತೀರಿಹೋಗಿದ್ದರು. ಗಾಡಿ ಮನೆಗೆ ಬಂದ ದಿನವೇ ಅಜ್ಜಿ ಅಪ್ಪನನ್ನು ಕೂರಿಸಿ ಒಂದು ಮಾತು ತೆಗೆದುಕೊಂಡಿದ್ದರು. ಒಮ್ಮೆ ಬಿದ್ದರೂ ಸಾಕು, ಈ ಗಾಡಿ ಮನೆಯಲ್ಲಿರಬಾರದು, ಅಪ್ಪ ಮೊದಲಿನಂತೆ ಎಸ್ಟೇಟಿನಲ್ಲೇ ಉಳಿಯಬೇಕು. ಅಪ್ಪ ಅಜ್ಜಿಯ ಮಾತು ಮೀರುವವರಲ್ಲ. ಆಮೇಲೆ ಒಂದು ವರ್ಷ ಅಜ್ಜಿ ಗಾಡಿಯ ಕಡೆ ಕಣ್ಣೆತ್ತಿ ನೋಡಲಿಲ್ಲ. ಅದಕ್ಕೆ ಕೋಣ ಅಂತ ಹೆಸರಿಟ್ಟು, ಅದರ ಸದ್ದು ಕೇಳಿದರೆ ಒಳಗೆ ಹೋಗಿ ಕೂರುತ್ತಿದ್ದರು.

ಕೋಣನ ಆರೈಕೆಯಲ್ಲಿ ಅಪ್ಪನಿಗೆ ಜೊತೆ ನನ್ನ ಅವ್ವ. ಗಾಡಿ ಹತ್ತಿದವಳಲ್ಲ, ಆದರೆ ಒಮ್ಮೆ ನೋಡಿದರೆ ಯಾವ ಸ್ಕ್ರೂ ಎಲ್ಲಿಯದು ಎಂದು ಮರೆಯುವವಳೂ ಅಲ್ಲ. ಮಳೆಗಾಲದಲ್ಲಿ ಪ್ಲಗ್ಗು ತೇವ ಹಿಡಿದರೆ ಒಗ್ಗರಣೆ ಸೌಟಿನಲ್ಲಿಟ್ಟು ಕೆಂಡದ ಮೇಲೆ ಬಿಸಿ ಮಾಡಿ ಕೊಡುತ್ತಿದ್ದಳು. ಟ್ಯಾಂಕಿನ ಸಂದಿನಲ್ಲಿ ಪೆಟ್ರೋಲ್ ಒಸರಿದರೆ ಬಟ್ಟೆ ಒಗೆಯುವ ಬಾರ್ ಸೋಪನ್ನು ಒತ್ತಿ ಉಜ್ಜಿದರೆ ಸಾಕು, ಕೆಲವು ದಿನ ನಿಲ್ಲುತ್ತಿತ್ತು. ಎಂಜಿನಿಗೆ ಪೆಟ್ರೋಲ್ ಹರಿಯುವ ಸಾಸಿವೆಗಿಂತ ಸಣ್ಣ ತೂತು ಕಟ್ಟಿಕೊಂಡರೆ ತಂತಿ ತೂರಿಸುವ ಹಾಗಿಲ್ಲ, ತೂತು ದೊಡ್ಡದಾಗಿ ಗಾಡಿ ಪೆಟ್ರೋಲ್ ಕುಡಿಯಲು ಸುರುಮಾಡುತ್ತದೆ. ಅದಕ್ಕೆ ದನದ ಬಾಲದ ಕೂದಲೇ ಆಗಬೇಕು. ಕೂದಲು ಕೀಳುವ ಕೆಲಸ ನನ್ನದು. ನಮ್ಮ ದನ ಕಪಿಲೆಯಂತೂ ಕೊನೆಕೊನೆಗೆ ನಾನು ಹಟ್ಟಿಯ ಬಾಗಿಲಿಗೆ ಬಂದರೇ ಸಾಕು, ಬಾಲವನ್ನು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿತ್ತು.

ಆ ವರ್ಷದ ದೀಪಾವಳಿ. ಬೆಳಿಗ್ಗೆ ಎಲ್ಲರ ತಲೆಗೂ ಎಣ್ಣೆಯಾಗಿ, ಬಚ್ಚಲೊಲೆಯ ಹೊಗೆಯ ನಡುವೆ ಸ್ನಾನವಾಗಿ, ಉದ್ದಿನ ದೋಸೆಗೆ ಬೆಲ್ಲದ ಕಾಯಿಹಾಲು ಹಾಕಿಕೊಂಡು ತಿಂದು ನಾನು ಜಗಲಿಯಲ್ಲಿ ಕೂತಿದ್ದೆ. ಅಜ್ಜಿ ಎಣ್ಣೆಯ ಗಿಂಡಿ ಹಿಡಿದುಕೊಂಡು ಅಂಗಳಕ್ಕೆ ಇಳಿದರು. ನೇರ ಗಾಡಿಯ ಹತ್ತಿರ ಹೋಗಿ ನಿಂತರು. ಸ್ವಲ್ಪ ಹೊತ್ತು ನೋಡಿದರು.

"ಮನೆಯವರಿಗೆಲ್ಲ ಎಣ್ಣೆ ಆಯ್ತು, ಇದಕ್ಕೆ ಮಾತ್ರ ಯಾಕೆ ಬೇಡ? ಮಗನನ್ನು ಹೊತ್ತು ತರುವಂಥದ್ದು," ಎಂದರು.

ಊರಲ್ಲಿ ಎಷ್ಟೋ ಬಾಣಂತಿಯರ ಶಿಶುಗಳನ್ನು ಮೀಯಿಸಿದ ಕೈ ಅದು. ಶಿಶುವಿಗೆ ಕಿವಿ, ಮೂಗು, ಹೊಕ್ಕುಳು ಒಂದನ್ನೂ ಬಿಡದೆ ಎಣ್ಣೆ ಬಿಡುವ ಹಾಗೆಯೇ ಗಾಡಿಯಲ್ಲೂ ಎಲ್ಲೆಲ್ಲಿ ಸಂದು ಕಂಡಿತೋ ಅಲ್ಲೆಲ್ಲ ತೆಂಗಿನೆಣ್ಣೆ ಧಾರೆಯಾಗಿ ಬಿಟ್ಟರು. ಚಕ್ರದ ನಡುವಿನ ಗುಂಬವೇ ಹೊಕ್ಕುಳೆಂದು ತಿಳಿದು ಅಲ್ಲಿಗೆ ಇನ್ನಷ್ಟು ಎಣ್ಣೆ. ಕೊನೆಯಲ್ಲಿ ಸ್ನಾನ ಮುಗಿಸಿ ಬಂದ ಅಪ್ಪ ನೋಡಿ ನಗುತ್ತ ನಿಂತುಬಿಟ್ಟರು. ಅಜ್ಜಿ ಗಾಡಿಯನ್ನು ಮುಟ್ಟಿದ್ದೇ ಅದು ಮೊದಲು. ಆ ಸಂತೋಷದಲ್ಲಿ ಇಂಥ ವಿಷಯದಲ್ಲಿ ಅಷ್ಟು ಜಾಗ್ರತೆಯವರಾದ ಅಪ್ಪನಿಗೆ ಬೇರೇನೂ ಹೊಳೆಯಲಿಲ್ಲ.

ಹಬ್ಬದ ರಜೆ ಮುಗಿದ ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೊರಟರು. ನಮ್ಮ ಮನೆಯಿಂದ ರಸ್ತೆಗೆ ಇಳಿಯುವಲ್ಲಿ ಒಂದು ಇಳಿಜಾರು, ಅದರ ಬುಡದಲ್ಲಿ ತಿರುವು, ಆಚೆ ಗದ್ದೆ. ಬ್ರೇಕ್ ಹಿಡಿಯಲೇ ಇಲ್ಲ. ಅಪ್ಪ ಗಾಡಿ ಸಮೇತ ಮಾಗಿದ ಪೈರಿನೊಳಗೆ ಹೋಗಿ ಬಿದ್ದರು. ಗದ್ದೆಯ ಕೆಸರು ಮೆತ್ತಗಿದ್ದದ್ದು ಪುಣ್ಯ. ಅದೇ ಘಟ್ಟದ ತಿರುವಾಗಿದ್ದರೆ ಆಚೆ ಇರುತ್ತಿದ್ದದ್ದು ಗದ್ದೆಯಲ್ಲ, ಕಮರಿ. ಅವರು ಗಾಡಿ ತಳ್ಳಿಕೊಂಡು ಹಿಂದಿನ ದಾರಿಯಿಂದ ಬಚ್ಚಲಿನ ಹತ್ತಿರ ಬಂದಾಗ ಅಜ್ಜಿ ಒಳಗೆ ಅಕ್ಕಿ ಆರಿಸುತ್ತಿದ್ದರು.

ಅವ್ವ ಚಕ್ರದ ನಡುವೆ ಬೆರಳಾಡಿಸಿ ಮೂಸಿದಳು. ಒಮ್ಮೆಲೆ ಎಲ್ಲ ಅರ್ಥವಾಗಿ ಇಬ್ಬರೂ ಮುಖ ಮುಖ ನೋಡಿಕೊಂಡರು.

"ಅಜ್ಜಿಗೆ ಗೊತ್ತಾಗುದು ಬೇಡ," ಎಂದರು ಅಪ್ಪ. "ಬಿದ್ದದ್ದಕ್ಕಿಂತ, ಎಣ್ಣೆಯಿಂದ ಬಿದ್ದದ್ದು ಅಂತ ಗೊತ್ತಾದ್ರೆ ಅವರಿಗೆ ತಡ್ಕೊಳ್ಳಿಕ್ಕೆ ಆಗ್ಲಿಕ್ಕಿಲ್ಲ."

ಪಂಕ್ಚರ್ ಅಂತ ಹೇಳುವುದೆಂದು ತೀರ್ಮಾನವಾಯಿತು. ಚಕ್ರ ಕಳಚಿದರು. ಒಳಗೆ ಅರ್ಧಚಂದ್ರದಂಥ ಎರಡು ತುಂಡುಗಳು, ಬ್ರೇಕ್ ಒತ್ತಿದಾಗ ಚಕ್ರವನ್ನು ಕಚ್ಚಿ ಹಿಡಿಯುವ ಲೈನರ್‌ಗಳು, ಕರಿದ ಹಪ್ಪಳದ ಹಾಗೆ ಎಣ್ಣೆ ಕುಡಿದು ಕೂತಿದ್ದವು. ಸೀಮೆಎಣ್ಣೆಯಲ್ಲಿ ತೊಳೆದರೂ ಜಿಡ್ಡು ಹೋಗಲಿಲ್ಲ. ತಲೆಯ ಎಣ್ಣೆ ಹೋಗುವುದು ಅಂಟುವಾಳದಿಂದ ತಾನೆ ಎಂದು ಅವ್ವ ಹಬ್ಬಕ್ಕೆ ಕುಟ್ಟಿದ್ದ ಅಂಟುವಾಳವನ್ನೇ ಬಿಸಿನೀರಿಗೆ ಹಾಕಿ ನೊರೆ ಬರಿಸಿ ತಿಕ್ಕಿದಳು. ಆಮೇಲೆ ಬಚ್ಚಲೊಲೆಯ ಕೆಂಡದ ಮೇಲೆ ಹಿಡಿದಾಗ ಒಳಗೆ ಇಳಿದಿದ್ದ ಎಣ್ಣೆ ಬೆವರಿನಂತೆ ಹೊರಗೆ ಬರತೊಡಗಿತು. ಅದನ್ನು ಬೂದಿಯಲ್ಲಿ ಹೊರಳಿಸಿ ಒರೆಸುವುದು, ಮತ್ತೆ ಕಾಯಿಸುವುದು. ಉಪ್ಪುಕಾಗದದ ಹಾಗೆ ದೊರಗಾಗಿರುವ ಗರಗತ್ತಿ ಎಲೆ ಕೊಯ್ದು ತರಲು ನನ್ನನ್ನು ಓಡಿಸಿದರು. ಅದರಿಂದ ಉಜ್ಜಿದರೆ ಲೈನರ್‌ಗೆ ಹಿಡಿತ ಬರುತ್ತದೆ ಎಂದು.

ಆದರೆ ತೆಂಗಿನೆಣ್ಣೆ ಸುಟ್ಟ ವಾಸನೆಯನ್ನು ಮುಚ್ಚಿಡಲು ಯಾರಿಂದಾದೀತು? ನಾನು ಎಲೆ ಹಿಡಿದುಕೊಂಡು ಬರುವಾಗ ಅಜ್ಜಿ ಬಚ್ಚಲಿನ ಬಾಗಿಲಲ್ಲಿ ನಿಂತಿದ್ದರು. ಅಪ್ಪ ಪಂಕ್ಚರ್ ಕತೆ ಸುರುಮಾಡಿದರು. ಅಜ್ಜಿ ಕೇಳಿಸಿಕೊಳ್ಳುತ್ತಲೇ ಅಪ್ಪನ ಕೂದಲಲ್ಲಿ ಸಿಕ್ಕಿಕೊಂಡಿದ್ದ ಭತ್ತದ ಎಸಳೊಂದನ್ನು ತೆಗೆದರು.

"ಎಲ್ಲಿಗೆ ತಾಗಿದ್ದು?"

"ಎಲ್ಲಿಗೂ ಇಲ್ಲ, ಅವ್ವ," ಎಂದರು ಅಪ್ಪ.

"ನಾನು ಬಿಟ್ಟ ಎಣ್ಣೆ ಅಲ್ವಾ ಇದು?"

ಅಪ್ಪ ತಲೆ ತಗ್ಗಿಸಿ ಚಕ್ರ ಒರೆಸತೊಡಗಿದರು. ಇನ್ನೇನು ಅಜ್ಜಿ ಹಳೆಯ ಮಾತನ್ನು ಎತ್ತುತ್ತಾರೆ, ನಾಳೆಯಿಂದ ಅಪ್ಪ ಇಲ್ಲ ಎಂದು ನನಗೆ ಅಳು ಬಂತು. ಅಪ್ಪನನ್ನು ಎಸ್ಟೇಟಿನಲ್ಲಿ ಬಿಡುವುದು ಬೇಡ ಅಜ್ಜಿ ಎಂದು ಅವರ ಸೆರಗು ಹಿಡಿದು ಅತ್ತುಬಿಟ್ಟೆ. ಅಜ್ಜಿಯ ಮುಖ ನೋಡಿದೆ. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಬಣ್ಣವೇ ಇರಲಿಲ್ಲ. ಅವರು ಒಲೆಯ ಮುಂದೆ ಕೂತು, ಅವ್ವನ ಕೈಯಿಂದ ಲೈನರ್ ತೆಗೆದುಕೊಂಡು, ನನ್ನಿಂದ ಎಲೆ ಇಸಕೊಂಡು ಉಜ್ಜಲು ಸುರುಮಾಡಿದರು. ಅಪ್ಪ ಸಾಕೆಂದರೂ ಬಿಡಲಿಲ್ಲ.

ಚಕ್ರ ಕೂರಿಸಿ ಆಯಿತು. ಅಪ್ಪ ತಾವೇ ಅಂಗಳದಲ್ಲಿ ಮತ್ತೆ ಮತ್ತೆ ಓಡಿಸಿ ನಿಲ್ಲಿಸಿ ನೋಡಿದರು. ಆಗ ಅಜ್ಜಿ ಅಂಗಳದ ಕೊನೆಗೆ, ಇಳಿಜಾರು ಸುರುವಾಗುವಲ್ಲಿಗೆ ಹೋಗಿ ದಾರಿಗೆ ಅಡ್ಡವಾಗಿ ನಿಂತರು.

"ಅಲ್ಲಿಂದ ಬಾ. ನನ್ನೆದುರು ನಿಲ್ಲಿಸು."

"ಎಂತ ಮಾತು ಅವ್ವ, ನೀನು ಬದಿಗೆ ನಿಲ್ಲು."

"ನನ್ನೆದುರು ನಿಲ್ಲಿಸ್ಲಿಕ್ಕೆ ನಿಂಗೆ ಹೆದರಿಕೆ ಉಂಟಾದ್ರೆ, ಅದ್ರಲ್ಲಿ ಕೂತು ಘಟ್ಟಕ್ಕೆ ಹೋಗುದು ಹೇಗೆ?"

ಅಪ್ಪ ಇಳಿದರು. ಮೊಣಕಾಲೂರಿ ಬ್ರೇಕಿನ ಕೇಬಲ್ಲು, ನಟ್ಟು ಎಲ್ಲ ಇನ್ನೊಮ್ಮೆ ಬಿಗಿ ನೋಡಿದರು. ಆಮೇಲೆ ಗಾಡಿ ಹತ್ತಿ ಬಂದರು. ಅವ್ವ ನನ್ನ ಕಣ್ಣು ಮುಚ್ಚಿದ್ದಳು, ನಾನು ಅವಳ ಬೆರಳ ಸಂದಿನಿಂದ ನೋಡಿದೆ. ಗಾಡಿ ಕಿರ್ರೆಂದು ಅಜ್ಜಿಯ ಸೀರೆಯ ನೆರಿಗೆಗೆ ಒಂದು ಮಾರು ಇರುವಾಗಲೇ ನಿಂತಿತು. ಅಜ್ಜಿ ಮುಂದೆ ಬಂದು ಅದರ ದೀಪದ ಮೇಲೆ ಕೈಯಿಟ್ಟರು.

"ಹೋಗಿ ಬಾ," ಎಂದು ಬದಿಗೆ ಸರಿದರು.

ಅಂದಿನಿಂದ ಅದೇ ಪದ್ಧತಿಯಾಯಿತು. ಮಳೆಗಾಲದಲ್ಲಿ ಓಲೆಯ ಗೊರಬೆ ಹೊದ್ದುಕೊಂಡಾದರೂ ಸರಿ, ಬೆಳಿಗ್ಗೆ ಅಜ್ಜಿ ಅಲ್ಲಿ ನಿಲ್ಲಬೇಕು, ಅಪ್ಪ ಅವರೆದುರು ಗಾಡಿ ನಿಲ್ಲಿಸಿಯೇ ಮುಂದೆ ಹೋಗಬೇಕು. ಆಮೇಲೆ ಅಪ್ಪ ಅಷ್ಟು ಶ್ರದ್ಧೆಯಿಂದ ಗಾಡಿಯ ಆರೈಕೆ ಮಾಡುತ್ತಿದ್ದದ್ದು ಯಾಕೆಂದು ನನಗೆ ದೊಡ್ಡವಳಾದ ಮೇಲೆ ತಿಳಿಯಿತು. ಬೇರೆಯವರು ತಮ್ಮ ಜೀವಕ್ಕಾಗಿ ಬ್ರೇಕ್ ನೋಡಿಕೊಳ್ಳುತ್ತಿದ್ದರು, ಅಪ್ಪ ತಾಯಿಯ ಜೀವಕ್ಕಾಗಿ. ಅಜ್ಜಿ ತೀರಿಕೊಂಡ ಮೇಲೂ ಆ ಜಾಗಕ್ಕೆ ಬಂದಾಗ ಅಪ್ಪ ಗಾಡಿ ನಿಲ್ಲಿಸುತ್ತಿದ್ದರು. ಆಮೇಲೆಯೇ ಮುಂದೆ ಹೋಗುತ್ತಿದ್ದರು.

ಈಗ ನಾನಿರುವುದು ನರಿಮೊಗರಿನಲ್ಲಿ, ಮಗನ ಮನೆಯಲ್ಲಿ. ಮೊಮ್ಮಗಳು ಸ್ಕೂಟರಿನಲ್ಲಿ ಪುತ್ತೂರಿಗೆ ಕಾಲೇಜಿಗೆ ಹೋಗುತ್ತಾಳೆ. ಆ ಸ್ಕೂಟರಿನ ಒಂದು ಸ್ಕ್ರೂವನ್ನೂ ಮನೆಯಲ್ಲಿ ಯಾರೂ ಮುಟ್ಟಿದವರಲ್ಲ, ಮುಟ್ಟಬಾರದಂತೆ. ಸರ್ವಿಸಿಗೆ ಬಿಟ್ಟರೆ ತೊಳೆದು ಹೊಳೆಯಿಸಿ ಕೊಡುತ್ತಾರೆ. ಒಳ್ಳೆಯದೇ. ಯಾರ ಕೈಗೂ ಮಸಿಯಿಲ್ಲ, ಯಾರ ಎದೆಯೂ ಹೊಡೆದುಕೊಳ್ಳುವುದಿಲ್ಲ. ಆದರೂ ಆ ಹೊಡೆದುಕೊಳ್ಳುವ ಎದೆಗಳು ನನಗೆ ತುಂಬ ನೆನಪಾಗುತ್ತವೆ.

ಮೊನ್ನೆ ಒಂದು ಬೆಳಿಗ್ಗೆ ಏನನ್ನಿಸಿತೋ, ಅವಳು ಹೊರಡುವಾಗ ಗೇಟಿನ ಹತ್ತಿರ ಹೋಗಿ ಎದುರು ನಿಂತೆ. ಅವಳು ಸ್ಕೂಟರ್ ನಿಲ್ಲಿಸಿ, ಪಾಪ, ಹೆಲ್ಮೆಟ್ ತೆಗೆದು, ಪೇಟೆಯಿಂದ ಎಂತಾದರೂ ತರ್ಬೇಕಾ ಅಜ್ಜಿ ಎಂದು ಕೇಳಿದಳು. ಏನೂ ಬೇಡ ಮಗಾ ಎಂದು ಬದಿಗೆ ಸರಿದೆ.