ಯಲಹಂಕದಲ್ಲಿ ಆಕಾಶ ಕಾಯುವ ಕೆಲಸ

ಯಲಹಂಕಕ್ಕೆ ಬಂದ ಮೊದಲ ಸಂಜೆ ವಾಯುಮಂಡಲ ಪ್ರಯೋಗಾಲಯದವರು ನನ್ನ ಕೈಗೊಂದು ಗುಂಡಿ ಕೊಟ್ಟು, ಆಕಾಶ ನೋಡುತ್ತ ಕೂತಿರಿ, ವಿಮಾನ ಕಂಡರೆ ಒತ್ತಿ ಎಂದರು. ಪ್ರಯೋಗಾಲಯದ ಚಾವಣಿಯಿಂದ ಹಸಿರು ಬೆಳಕಿನ ಗೆರೆಯೊಂದು ನೆಟ್ಟಗೆ ಮೇಲೇರಿತು.

ಆ ಯಂತ್ರದ ಹೆಸರು ಲಿಡಾರ್. ಲೇಸರ್ ಬೆಳಕನ್ನು ಮೇಲಕ್ಕೆ ಬಿಟ್ಟು, ಗಾಳಿಗೆ ತಾಗಿ ಮರಳುವ ಚೂರುಪಾರನ್ನು ಹಿಡಿದು, ಮೋಡಗಳಿಗಿಂತ ಎಷ್ಟೋ ಎತ್ತರದ ಬಿಸಿ ತಂಪನ್ನು ಅಳೆಯುತ್ತದೆ. ನಮ್ಮೂರು ಕಲಬುರಗಿಯಲ್ಲಿ ಬೇಸಿಗೆಯೆಂದರೆ ಕಾಲಡಿಯ ನೆಲ ಸುಡುವುದು. ಅಷ್ಟು ಮೇಲೆ ವರ್ಷಕ್ಕೆ ಎರಡು ಸಲ ಬೆಚ್ಚಗಾಗುವ ಪದರವಿದೆ ಎಂದು ನನಗೆ ತಿಳಿದದ್ದು ಇಲ್ಲಿ. ಆದರೆ ಆ ಬೆಳಕು ಪೈಲಟ್‌ನ ಕಣ್ಣಿಗೆ ಬಿದ್ದರೆ ಕಣ್ಣು ಕತ್ತಲಿಡುತ್ತದೆ. ಗುಂಡಿ ಒತ್ತಿದರೆ ಬೆಳಕು ಆರುತ್ತದೆ. ಅದಕ್ಕೇ ಕಾವಲಿಗೆ ನಾನು.

ಯಲಹಂಕದ ಪಕ್ಕದ ಕೋಗಿಲಿನಲ್ಲಿ ಬಾಡಿಗೆ ಕೋಣೆ ಹಿಡಿದೆ. ಮನೆಯೊಡತಿ ಜಯಮ್ಮ ಹುಡುಗಿಯರನ್ನೂ ‘ಮಗ’ ಎಂದೇ ಕರೆಯುತ್ತಾರೆ. ನಮ್ಮ ಕಡೆ ‘ತಂಗಿ’ ಅಂದ ಹಾಗೆ.

"ಇಂಗೆ ಬೆಳಕ್ ಬಿಟ್ರೆ ಮೇಲಿರೋರ್ಗೆ ಏನೂ ಆಗಕಿಲ್ವಾ ಮಗ?" ಎಂದು ಒಮ್ಮೆ ಕೇಳಿದರು.

ಏನೂ ಆಗೂದಿಲ್ರಿ ಎಂದೆ. ನನ್ನ ಮಾತನ್ನು ನಾನೇ ನಂಬಲಿಲ್ಲ.

ಜನವರಿಯ ಒಂದು ಸಂಜೆ ಪಶ್ಚಿಮದಲ್ಲಿ ಹೊಳೆಯುತ್ತಿದ್ದುದನ್ನು ಶುಕ್ರನೆಂದುಕೊಂಡೆ. ಅದು ಚಲಿಸಿತು. ಸಣ್ಣ ವಿಮಾನ, ನೇರ ನಮ್ಮತ್ತ. ಬೆರಳು ಅಲುಗಲೇ ಇಲ್ಲ. "ಯವ್ವಾ" ಎಂದು ಬಾಯಿಗೆ ಬಂದ ಮೇಲೆ ಕೈಗೆ ಜೀವ ಬಂತು. ಒತ್ತಿದೆ. ಗೆರೆ ಆರಿತು. ಅದಿದ್ದ ಜಾಗವನ್ನೇ ಹಾದು ವಿಮಾನ ಹೋಯಿತು.

ಯಾರೂ ನೋಡಿರಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಮುಂದಿನ ಸಲ? ಅಗಿಯದೆ ನುಂಗುವುದನ್ನು ಜಯಮ್ಮ ಕಷ್ಟಪಟ್ಟು ಕಲಿಸಿದ್ದ ಮುದ್ದೆ ಅವತ್ತು ತಟ್ಟೆಯಲ್ಲೇ ಉಳಿಯಿತು. ಬೆಳಿಗ್ಗೆ ನಮ್ಮ ಮುಖ್ಯಸ್ಥೆ ಸುಮತಿ ಮೇಡಂ ಎದುರು ನಿಂತು ಎಲ್ಲ ಹೇಳಿದೆ. ಅವರು ಲೇಸರ್ ಆರಿಸಿಡಲು ಹೇಳಿದರು. ಆ ವಾರವಿಡೀ ಅಳತೆ ನಿಂತಿತು. ಚಳಿಗಾಲದ ಗ್ರಾಫಿನಲ್ಲಿ ಅಲ್ಲೊಂದು ಖಾಲಿ ಜಾಗ ಉಳಿದಿದೆ. ಆಮೇಲೆ ಮೇಡಂ ನನ್ನನ್ನು ಕರೆಸಿದರು.

"ಇನ್ಮೇಲೆ ಇಬ್ರು ಕೂತ್ಕೊಳ್ಳಿ. ಅದ್ರಲ್ಲಿ ಒಬ್ರು ನೀವೇ. ಭಯ ಇರೋರೇ ಬೇಕು ನಂಗೆ."

ಭಯ ಈಗಲೂ ಇದೆ. ಒಂದೊಂದು ಸಂಜೆ ನಿಜವಾದ ನಕ್ಷತ್ರಕ್ಕೂ ಒತ್ತಿಬಿಡುತ್ತೇನೆ.

ಮೋಡ ಕವಿದರೆ ಲಿಡಾರ್‌ಗೆ ಏನೂ ಕಾಣದು, ನನಗೆ ರಜೆ. ಯಾವಾಗ ಬರ್ತಿ ಎಂದು ಅವ್ವ ಫೋನಿನಲ್ಲಿ ಕೇಳಿದಾಗೆಲ್ಲ ಮೋಡ ಬಂದ ಮ್ಯಾಲ ಎನ್ನುತ್ತೇನೆ. ಕಳೆದ ಜೂನಿನಲ್ಲಿ ಹೆಬ್ಬಾಳದ ಮೇಲೆ ಮೋಡ ಕಟ್ಟಿದ ವಾರವೇ ಊರಿಗೆ ರೈಲು ಹತ್ತಿದೆ. ಯಲಹಂಕ ಬಿಡುವಾಗ ಕಿಟಕಿಯಿಂದ ನೋಡಿದರೆ ಆಕಾಶ ತೆರವಾಗುತ್ತಿತ್ತು. ಇಳಿದುಬಿಡಲೇ ಅನ್ನಿಸಿತು. ಅತ್ತ ಅವ್ವ ಕಾಯುತ್ತಿದ್ದಳು. ಇವತ್ತು ನನ್ನ ಜಾಗದಲ್ಲಿ ಆಕಾಶ ಯಾರು ಕಾಯುತ್ತಾರೆ ಎಂದುಕೊಳ್ಳುತ್ತಲೇ ಹಿಂದೂಪುರ ದಾಟಿದೆ.