ಹಿತ್ತಲ ಬಾವಿಯ ತಿಲಾಪಿಯ

ನಾನು ಮದುವೆಯಾಗಿ ಆನೆಕೊಂಡಕ್ಕೆ ಬಂದ ಎರಡನೆಯ ವರ್ಷ, ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದ ನನ್ನ ಗಂಡ ಒಂದು ಸಂಜೆ ಡಬ್ಬಿಯಲ್ಲಿ ಹತ್ತು ಮೀನು ತಂದು ಹಿತ್ತಲ ಬಾವಿಗೆ ಬಿಟ್ಟರು. ಆಫ್ರಿಕಾದ ತಿಲಾಪಿಯ ಎಂಬ ಜಾತಿಯಂತೆ, ಸೊಳ್ಳೆಯ ಹುಳು ತಿನ್ನುತ್ತದಂತೆ. ಐವತ್ತರ ದಶಕದ ಕೊನೆಯ ಮಾತಿದು.

ಅತ್ತೆ ಕೆಂಡವಾದರು. "ಮೀನು ಈಜಿದ ನೀರು ನಾನು ಕುಡಿಯಂಗಿಲ್ಲ" ಎಂದವರು ಅಂದಿನಿಂದ ಪಕ್ಕದ ಮನೆಯ ಬಾವಿಯಿಂದ ನೀರು ಸೇದತೊಡಗಿದರು.

ಕೆಲವು ತಿಂಗಳ ಮೇಲೆ ಪಾತ್ರೆ ತೊಳೆಯಲು ನಾನು ನೀರು ಸೇದಿದಾಗ ಕೊಡದಲ್ಲಿ ಒಂದು ಮೀನು ಬಂತು. ಬೋಗುಣಿಗೆ ಸುರಿದೆ; ಅತ್ತೆಯೂ ಬಂದು ಬಗ್ಗಿ ನೋಡಿದರು. ಅದರ ಬಾಯಿಂದ ಸಾಸಿವೆಯಂಥ ಮರಿಗಳು ಹೊರಬಿದ್ದವು. ನಮ್ಮ ನೆರಳು ಅಲುಗಾಡಿದ್ದೇ ತಡ, ಎಲ್ಲ ಮತ್ತೆ ಬಾಯೊಳಗೆ.

"ಅಯ್ಯೋ, ಹೆತ್ತ ಮಕ್ಕಳನ್ನೇ ತಿಂತಲ್ಲೇ!" ಎಂದರು ಅತ್ತೆ.

"ತಿಂದಿಲ್ಲ ಅತ್ತೆ, ನೋಡ್ರಿ." ಅಲುಗಾಡದೆ ಕಾದೆವು. ಮರಿಗಳು ಒಂದೊಂದಾಗಿ ಹೊರಬಂದವು.

ಅತ್ತೆ ಐದು ಹೆತ್ತು ಒಬ್ಬ ಮಗನನ್ನು ಉಳಿಸಿಕೊಂಡವರು. ಬೋಗುಣಿಯನ್ನು ತಾವೇ ಎತ್ತಿ ನಿಧಾನವಾಗಿ ಬಾವಿಗೆ ಬಗ್ಗಿಸಿದರು. ಮರುದಿನದಿಂದ ಮೀನಿಗೆ ಮಂಡಕ್ಕಿ ಹಾಕತೊಡಗಿದರು. ಆ ನೀರನ್ನು ಮಾತ್ರ ಕುಡಿಯಲಿಲ್ಲ.

ಮುಂದಿನ ಬೇಸಿಗೆಗೆ ನೀರು ಇಳಿಯಿತು. ಬಾವಿ ತುಂಬ ಅಂಗೈಯಗಲದ ಮೀನು, ತಡೆಯಲಾರದ ನಾತ. ಗಂಡ ಹರಿಹರದಿಂದ ಬೆಸ್ತರೊಬ್ಬರನ್ನು ಕರೆತಂದರು.

"ಬಾಯಾಗ ಮರಿ ಇರೋವನ್ನ ಬಿಟ್ಟುಬಿಡ್ರಿ" ಎಂದರು ಅತ್ತೆ.

"ಬಾವಿಯಾಗ ಬಿಟ್ರ ಮತ್ತ ಹಿಂಗ ಆಗ್ತೈತ್ರಿ ಅಮ್ಮ" ಎಂದರು ಬೆಸ್ತರು.

"ಹಂಗಾರ ಹೊಳಿಗೆ ಬಿಡೋಣ. ನಾನೂ ಬರ್ತೀನಿ."

ಅಂಥ ಏಳು ಮೀನು ಸಿಕ್ಕವು; ಉಳಿದವನ್ನು ಬೆಸ್ತರು ಬುಟ್ಟಿಗೆ ತುಂಬಿಕೊಂಡರು. ನೀರು ತುಂಬಿದ ಬಕೆಟ್ಟನ್ನು ಅತ್ತೆ ಬಸ್ಸಿನಲ್ಲಿ ಹರಿಹರದವರೆಗೂ ಕಾಲ ನಡುವೆ ಹಿಡಿದು ಕುಳಿತರು. ಪಕ್ಕದಲ್ಲಿ ಕುಳಿತ ನನ್ನ ಸೀರೆ ಅರ್ಧ ನೆನೆಯಿತು. ದಾರಿಯಲ್ಲೇ ಒಂದು ಸತ್ತಿತು. ಹೊಳೆಯ ಮೆಟ್ಟಿಲ ಬಳಿ ನಿಂತ ಬೆಸ್ತರು ಮುಚ್ಚುಮರೆಯಿಲ್ಲದೆ ಹೇಳಿದರು:

"ಅಮ್ಮ, ಸುಳ್ಳು ಯಾಕ ಹೇಳ್ಲಿ? ಇಲ್ಲಿ ಬಿಟ್ರ ನಾಳೆ ನನ್ನ ಬಲೆಗೇ ಬೀಳ್ತಾವು."

"ನಾಳೆ ಹಿಡ್ಕಳಪ್ಪ. ಅದು ನಿನ್ನ ಕಸುಬು. ಇವತ್ತು ಬ್ಯಾಡ" ಎಂದು ಅತ್ತೆ ಬಕೆಟ್ ಬಗ್ಗಿಸಿದರು.

ಮುಂದೆ ಅದೇ ಜಾತಿಯ ಮೀನು ಹರಿಹರದ ಸಂತೆಗೆ ಬುಟ್ಟಿಗಟ್ಟಲೆ ಬರುತ್ತಿತ್ತು. ನಾವು ಬಿಟ್ಟ ಆರರಿಂದಲೇ ಆಯಿತೆಂದು ನನಗೆ ಅನ್ನಿಸುವುದಿಲ್ಲ; ಕೆರೆಕೆರೆಗೂ ಅದನ್ನು ಬಿಟ್ಟಿದ್ದರಂತೆ. ನಾವು ಬಾವಿಯ ಹೂಳೆತ್ತಿಸಿ ಸುಣ್ಣ ಹಾಕಿಸಿದೆವು. ಮಳೆಗಾಲದಲ್ಲಿ ಹೊಸ ನೀರು ಬಂದಾಗ ಮೊದಲ ಕೊಡ ಸೇದಿ ಕುಡಿದವರು ಅತ್ತೆಯೇ.